ಕೋಶವಿಲ್ಲದ ಯಂತ್ರ

ಬೆಂಕಿಪೆಟ್ಟಿಗೆಯು ಮನೆಮನೆಗೆ ಬರುವುದಕ್ಕೆ ಮುಂಚಿನ ದಿನಗಳಲ್ಲಿ ಗೃಹಿಣಿಯರು ರಾತ್ರಿಯ ಅಡಿಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು. ಬೆಳಗ್ಗೆ ಕೆದಕಿ ನೋಡಿದಾಗ ಕೆಂಡವು ಆರಿಹೋಗಿದ್ದರೆ ನೆರೆಮನೆಗೆ ಹೋಗಿ ಬೆರಣಿಯ ಚೂರಿನ ಮೇಲೆ ಕೆಂಡವನ್ನು ತರುವುದು ಆಗಿನ ವಾಡಿಕೆ. ಇದರಲ್ಲಿ ಹೀನಾಯವೇನೂ ಇರಲಿಲ್ಲ. ಇಂದು ಇವರ ಮನೆಯ ಕೆಂಡ ಆರಿದರೆ ನಾಳೆ ಅವರ ಮನೆಯದು ಆರೀತು. ಆದರೆ ಕೇರಿಯ ಒಂದು ಮನೆಯಲ್ಲಾದರೂ ಬೆಂಕಿಯು ಉಳಿದಿರಬೇಕು; ಆ ಮನೆಯವರು ಬೂದಿ ಮುಚ್ಚುವುದನ್ನು ಮರೆಯಕೂಡದು. ತನ್ನಲ್ಲಿ ಏನನ್ನೂ ಇಟ್ಟುಕೊಳ್ಳದಿರುವುದು ಒಂದು ನೆಮ್ಮದಿಯೇ ಸರಿ. ಆ ನೆಮ್ಮದಿಯಾದರೋ ಇನ್ನೊಬ್ಬರ ಎಚ್ಚರದ ಮೇಲೆ ನಿಂತಿರತಕ್ಕದ್ದು.

ಈ ಕಾಲದ ಯಂತ್ರವೊಂದೂ ಇದೇ ರೀತಿಯಾಗಿ ಬಾಳುವುದುಂಟು. ಕಂಪ್ಯೂಟರ್ ಎಂದ ಮೇಲೆ ಅದರೊಳಗೆ ಡಿಸ್ಕೊಂದು ಇರಬೇಕು, ಅದನ್ನು ನಡೆಯಿಸುವ ಪ್ರೋಗ್ರಾಮುಗಳೂ ಒಡೆಯನು ಕೂಡಿಟ್ಟ ಹಾಡು ಚಿತ್ರಗಳೂ ಆ ಡಿಸ್ಕಿನಲ್ಲಿ ತುಂಬಿರಬೇಕು ಎಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಡಿಸ್ಕೇ ಇಲ್ಲದ ಕಂಪ್ಯೂಟರೂ ಇರಬಲ್ಲುದು. ಗುಂಡಿಯನ್ನು ಒತ್ತಿದ ಕೂಡಲೆ ಅದು ತಂತಿಯ ಮೂಲಕ ಮನೆಯಲ್ಲಿರುವ ಮತ್ತೊಂದು ಕಂಪ್ಯೂಟರನ್ನು ಕೇಳಿ, ತಾನು ನಡೆಯುವುದಕ್ಕೆ ಬೇಕಾದುದೆಲ್ಲವನ್ನೂ ಅಲ್ಲಿಂದ ತರಿಸಿಕೊಂಡು ಕೆಲಸಕ್ಕೆ ತೊಡಗುತ್ತದೆ. ಆರಿಸಿದೊಡನೆ ಎಲ್ಲವನ್ನೂ ಮರೆಯುತ್ತದೆ. ಮರುದಿನ ಮತ್ತೆ ಮೊದಲಿನಿಂದ ಕೇಳುತ್ತದೆ. ಅದಕ್ಕೆ ಪೂರ್ವಸ್ಮೃತಿಯೆಂಬುದು ಇಲ್ಲ.

ಶಿವಮೊಗ್ಗೆಯ ಹಳೆಯ ಬೀದಿಯೊಂದರ ಮನೆಯಲ್ಲಿ ೨೦೧೭ನೆಯ ಇಸವಿಯಲ್ಲಿ ಇಂಥ ಯಂತ್ರವೊಂದನ್ನು ಸ್ಥಾಪಿಸಿದರು. ಆ ಮನೆಯ ಹಿರಿಯರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹೊಟ್ಟೆಗೆ ಅದು, ಮನಸ್ಸಿಗೆ ಗಮಕ. ಗಮಕಕ್ಕೆ ಹೆಸರಾದ ಹೊಸಹಳ್ಳಿಯು ಆ ಊರಿಗೆ ಹತ್ತಿರದಲ್ಲಿಯೇ ಇರುವುದರಿಂದ ಅವರಿಗೆ ಕೇಳುವ ಮತ್ತು ಕಲಿಯುವ ಅವಕಾಶಕ್ಕೆ ಕೊರತೆಯಿರಲಿಲ್ಲ. ಕುಮಾರವ್ಯಾಸನ ಭಾರತವನ್ನು ಅವರು ಮನೆಯ ಪಡಸಾಲೆಯಲ್ಲಿ ಓದುತ್ತಿದ್ದುದನ್ನು ಸ್ನೇಹಿತರೊಬ್ಬರು ೧೯೮೨ರಿಂದ ೧೯೮೬ರವರೆಗೆ ಬಿಡುವು ದೊರೆತಾಗಲೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ಗಮಕಿಗಳು ೨೦೦೪ರಲ್ಲಿ ತೀರಿಕೊಂಡರು. ಉಳಿದುವು ಒಂದೊಂದು ಗಂಟೆಯ ಕ್ಯಾಸೆಟ್ಟುಗಳು. ಲೆಕ್ಕ ಮಾಡಿದರೆ ೨೩. ಅವರ ಪತ್ನಿಯು ಮಾತ್ರ ಇಪ್ಪತ್ತನಾಲ್ಕು ಇದ್ದುವೆಂದು ಸಾಧಿಸುತ್ತಿದ್ದರು. ಆಕೆ ಪ್ರತಿದಿನವೂ ಸ್ನಾನವಾದ ಮೇಲೆ ಒಂದು ಕ್ಯಾಸೆಟ್ಟಿನ ಒಂದು ಮಗ್ಗುಲನ್ನು, ಎಂದರೆ ಅರ್ಧ ಗಂಟೆಯನ್ನು, ಕೇಳುತ್ತಿದ್ದರು. ಇಪ್ಪತ್ತನಾಲ್ಕು ಇದ್ದರೆ ನಲವತ್ತೆಂಟು ದಿನಕ್ಕೆ ಸರಿಯಾಗಿ ಒಂದು ಮಂಡಲವಾಗಬೇಕು. “ನಲವತ್ತಾರಕ್ಕೇ ಮುಗಿದು ಹೋಗುತ್ತದೆ, ಮಂಡಲ ತುಂಬುವುದಿಲ್ಲ” ಎಂಬುದು ಆಕೆಯ ಕೊರಗು.

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ೪.೭೬ ಸೆಂಟಿಮೀಟರಿನಂತೆ ತಲೆಯನ್ನು ಉಜ್ಜಿಕೊಂಡು ಓಡತಕ್ಕದ್ದು. ಓಡಿದಷ್ಟೂ ಅದರ ಮೇಲಿನ ಪುಡಿ ಸವೆಯುತ್ತದೆ. ಓಡದೆ ಇಟ್ಟರೆ ತೇವ ಹಿಡಿಯುತ್ತದೆ. ಆದುದರಿಂದ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದ ಮೊಮ್ಮಗನು ರಜೆಗಳಲ್ಲಿ ಬಂದು ಆ ೨೩ನ್ನೂ ಕಂಪ್ಯೂಟರಿಗೆ ಇಳಿಸಿದನು. ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಹದಿನಾರು ಬಿಟ್ಟುಗಳಲ್ಲಿ ಬರೆದಿಡುವ ಕ್ರಮದಲ್ಲಿ ಒಂದು ಗಂಟೆಯ ಓದು ಸುಮಾರು ೩೧೭ ಮೆಗಾಬೈಟಾಗುತ್ತದೆ. ಇಪ್ಪತ್ತಮೂರೂ ಸೇರಿ ಏಳು ಗಿಗಾಬೈಟಿಗೆ ಸ್ವಲ್ಪ ಮೇಲೆ. ಹೆಬ್ಬೆರಳಿನ ಗಾತ್ರದ ಪೆನ್ ಡ್ರೈವಿನಲ್ಲಿ ಹಿಡಿಯತಕ್ಕ ಮೊತ್ತ. ಒಬ್ಬ ಮನುಷ್ಯನ ಧ್ವನಿಯಲ್ಲಿ ಉಳಿದಿದ್ದುದು ಅಷ್ಟೇ.

ಪಡಸಾಲೆಯಲ್ಲಿ ಕಂಪ್ಯೂಟರನ್ನು ಇಟ್ಟು ಅದರಿಂದ ಕೇಳಿಸತೊಡಗಿದಾಗ ಹೊಸದೊಂದು ತೊಡಕು ಹುಟ್ಟಿತು. ಡಿಸ್ಕು ನಿಮಿಷಕ್ಕೆ ೭,೨೦೦ ಸುತ್ತು ತಿರುಗತಕ್ಕದ್ದು, ಎಂದರೆ ಸೆಕೆಂಡಿಗೆ ೧೨೦. ಅದಕ್ಕೆ ತಕ್ಕ ಒಂದು ನಾದವು ಅದರಿಂದ ಬಿಡದೆ ಹೊರಡುತ್ತದೆ. ಅದರೊಡನೆ ಫ್ಯಾನಿನ ಸದ್ದು ಬೇರೆ. ಗಮಕಿಗಳ ಶ್ರುತಿ ಒಂದು, ಯಂತ್ರದ ಶ್ರುತಿ ಇನ್ನೊಂದು. ನಾಲ್ಕು ದಿನ ಕೇಳಿದ ಮೇಲೆ ವೃದ್ಧೆಯು ಮೊಮ್ಮಗನನ್ನು ಕರೆದು, “ಮಗು, ನಿಮ್ಮ ತಾತ ಓದುತ್ತಿರುವಾಗ ಪಕ್ಕದಲ್ಲಿ ಯಾರೋ ರಾಗಿ ಬೀಸುತ್ತ ಕೂತ ಹಾಗಿದೆಯಲ್ಲೋ! ಇದರ ಸದ್ದು ಅಡಗುವುದಿಲ್ಲವೇನೋ?” ಎಂದು ಕೇಳಿದರು. ಯಂತ್ರದ ಡಿಸ್ಕನ್ನೂ ಫ್ಯಾನನ್ನೂ ತೆಗೆದುಹಾಕಬೇಕೆಂಬ ಯೋಚನೆ ಹುಟ್ಟಿದುದು ಈ ಮಾತಿನಿಂದ.

ಡಿಸ್ಕಿಲ್ಲದ ಕಂಪ್ಯೂಟರು ಈಚಿನ ಕಲ್ಪನೆಯಲ್ಲ. ೧೯೮೦ರಿಂದ ಆಚೆಗೆ ಹತ್ತು ವರ್ಷಗಳಲ್ಲಿ ಡಿಸ್ಕುಗಳು ಬಹಳ ದುಬಾರಿಯಾಗಿದ್ದುವು. ಹತ್ತು ಮಂದಿ ಕೆಲಸಗಾರರಿಗೆ ಹತ್ತು ಡಿಸ್ಕುಗಳನ್ನು ಕೊಳ್ಳುವುದಕ್ಕಿಂತ ಒಂದು ದೊಡ್ಡ ಡಿಸ್ಕನ್ನು ಒಂದೆಡೆ ಇಟ್ಟು, ಉಳಿದವರ ಯಂತ್ರಗಳು ತಂತಿಯ ಮೂಲಕ ಅದನ್ನೇ ಬಳಸುವಂತೆ ಮಾಡುವುದು ಲಾಭಕರವೆಂದು ಅಮೆರಿಕಾದ ಸನ್ ಮೈಕ್ರೋಸಿಸ್ಟಮ್ಸ್ ಮುಂತಾದ ಸಂಸ್ಥೆಗಳು ಅಂಥ ಯಂತ್ರಗಳನ್ನು ಮಾಡಿ ಮಾರಿದುವು. ದೂರದ ಡಿಸ್ಕಿನ ಫೈಲುಗಳನ್ನು ತನ್ನವೇ ಎಂಬಂತೆ ಓದಿಸುವ ಎನ್.ಎಫ್.ಎಸ್. ಎಂಬ ಪದ್ಧತಿಯನ್ನು ಆ ಸಂಸ್ಥೆಯು ೧೯೮೪ರಲ್ಲಿ ರೂಪಿಸಿತು. ಮರುವರ್ಷ, ೧೯೮೫ರಲ್ಲಿ, ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಎಂಬವರು, ಎಚ್ಚೆತ್ತ ಯಂತ್ರವು ತನ್ನ ವಿಳಾಸವನ್ನು ಕೇಳಿ ಪಡೆಯುವ ಬೂಟ್‌ಪಿ ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಅದನ್ನೇ ವಿಸ್ತರಿಸಿದ ಡಿ.ಹೆಚ್.ಸಿ.ಪಿ. ೧೯೯೩ರಲ್ಲಿ ಬಂದಿತು, ಇಂದು ಮನೆಮನೆಯ ರೌಟರೂ ಅದನ್ನೇ ನಡೆಯಿಸುತ್ತಿದೆ. ೧೯೯೯ರಲ್ಲಿ ಇಂಟೆಲ್ ಸಂಸ್ಥೆಯು ಪಿ.ಎಕ್ಸ್.ಇ. ಎಂಬುದರ ೨.೧ನೆಯ ಆವೃತ್ತಿಯನ್ನು ಪ್ರಕಟಿಸಿದ ಮೇಲೆ ಸಾಮಾನ್ಯ ಕಂಪ್ಯೂಟರಿಗೂ ಈ ಶಕ್ತಿಯು ಹುಟ್ಟಿನಿಂದಲೇ ಬಂದಂತಾಯಿತು. ಹಣದ ಉಳಿತಾಯಕ್ಕಾಗಿ ಹುಟ್ಟಿದ ಉಪಾಯವು, ಡಿಸ್ಕುಗಳು ಅಗ್ಗವಾದ ಕಾಲದಲ್ಲಿ, ಒಬ್ಬ ವೃದ್ಧೆಯ ಕಿವಿಗೆ ಬೇಕಾದ ನಿಶ್ಶಬ್ದಕ್ಕಾಗಿ ಶಿವಮೊಗ್ಗೆಯ ಪಡಸಾಲೆಗೆ ಬಂದಿತು.

ಇದರ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಕಂಪ್ಯೂಟರನ್ನು ಎಚ್ಚರಿಸುವುದಕ್ಕೆ ಇಂಗ್ಲಿಷಿನಲ್ಲಿ ಬೂಟ್ ಮಾಡುವುದೆಂದು ಹೆಸರು. ತನ್ನ ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದೆಂಬ ಅಸಂಭವವಾದ ಚಿತ್ರದಿಂದ ಬಂದ ಮಾತು ಅದು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯವೆಂಬ ದೋಷವನ್ನು ಹೇಳುತ್ತಾರೆ. ತಂತಿಯ ಮೂಲಕ ಪ್ರೋಗ್ರಾಮನ್ನು ತರಬೇಕಾದರೆ ತಂತಿಯನ್ನು ಬಳಸಬಲ್ಲ ಪ್ರೋಗ್ರಾಮು ಮೊದಲೇ ಇರಬೇಕು. ಅದು ಇರಬೇಕಾದರೆ ಅದನ್ನು ತಂತಿಯ ಮೂಲಕವೇ ತಂದಿರಬೇಕು. ಒಂದನ್ನು ಬಿಟ್ಟು ಇನ್ನೊಂದು ಸಿದ್ಧಿಸುವುದಿಲ್ಲ. ಈ ಕಗ್ಗಂಟನ್ನು ಬಿಡಿಸುವುದಕ್ಕಾಗಿಯೇ ಯಂತ್ರದೊಳಗಿನ ಚಿಪ್ಪೊಂದರಲ್ಲಿ ಅಳಿಯದ ಅತಿಚಿಕ್ಕ ಪ್ರೋಗ್ರಾಮೊಂದನ್ನು ಕೂಡಿಸಿರುತ್ತಾರೆ. ಅದಕ್ಕೆ ಗೊತ್ತಿರುವುದು ಕೇಳುವುದೊಂದೇ.

ಕೇಳುವ ರೀತಿಯಾದರೂ ಕುತೂಹಲಕರವಾದುದು. ಎಚ್ಚೆತ್ತ ಯಂತ್ರಕ್ಕೆ ತಾನು ಯಾರೆಂಬುದು ತಿಳಿಯದು. ತನ್ನ ವಿಳಾಸವೂ ತಿಳಿಯದು, ಕೊಡತಕ್ಕವರು ಎಲ್ಲಿರುವರೆಂಬುದೂ ತಿಳಿಯದು. ಆದುದರಿಂದ ಅದು ತನ್ನ ವಿಳಾಸದ ಸ್ಥಾನದಲ್ಲಿ ನಾಲ್ಕು ಸೊನ್ನೆಗಳನ್ನು ಬರೆದು, ಮನೆಯ ಜಾಲದಲ್ಲಿರುವ ಎಲ್ಲರಿಗೂ ಕೇಳಿಸುವಂತೆ ಕೂಗುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಗುರುತು: ತಯಾರಿಸುವಾಗಲೇ ಅದರ ನೆಟ್‌ವರ್ಕ್ ಕಾರ್ಡಿನಲ್ಲಿ ಬರೆದಿಟ್ಟ ನಲವತ್ತೆಂಟು ಬಿಟ್ಟುಗಳ ಸಂಖ್ಯೆ. ಇದನ್ನು ಆರು ಜೋಡಿಗಳಾಗಿ ಬರೆಯುವುದು ರೂಢಿ. ಮೊದಲ ಮೂರು ಜೋಡಿಗಳು ಯಾವ ತಯಾರಕನದೆಂಬುದನ್ನು ಹೇಳುತ್ತವೆ. ಉಳಿದ ಮೂರು ಆ ಒಂದು ಕಾರ್ಡಿಗೆ ಮೀಸಲು. ಉಪನೀತನಾದ ವಟುವು ಹಿರಿಯರ ಮುಂದೆ ಗೋತ್ರವನ್ನೂ ಹೆಸರನ್ನೂ ಹೇಳಿ ಅಭಿವಾದನ ಮಾಡುವಂತೆ, ಯಂತ್ರವು ಈ ಎರಡನ್ನು ಹೇಳಿಕೊಂಡು ನಿಲ್ಲುತ್ತದೆ. ಭಂಡಾರದಲ್ಲಿರುವ ಕಂಪ್ಯೂಟರು, ಇದಕ್ಕೆ ಸರ್ವರು ಎಂದು ಹೆಸರು, ಅದನ್ನು ಗುರುತಿಸಿ, “ನಿನ್ನ ವಿಳಾಸ ಇದು; ನಿನಗೆ ಬೇಕಾದ ಫೈಲಿನ ಹೆಸರು ಇದು; ಅದು ಇರುವುದು ಇಲ್ಲಿ” ಎಂದು ಉತ್ತರ ಕೊಡುತ್ತದೆ.

ಆ ಬಳಿಕ ಫೈಲನ್ನು ತರುವ ಕೆಲಸ. ಇದಕ್ಕೆ ಬಳಸತಕ್ಕ ಟಿ.ಎಫ್.ಟಿ.ಪಿ. ಎಂಬ ಪದ್ಧತಿಯ ವಿಧಿಯನ್ನು ಕ್ಯಾರೆನ್ ಸಾಲಿನ್ಸ್ ಎಂಬಾಕೆ ೧೯೮೧ರಲ್ಲಿ ಬರೆದು ಪ್ರಕಟಿಸಿದರು. ಅದರಷ್ಟು ಸರಳವಾದುದು ಬೇರೊಂದು ಸಿಕ್ಕುವುದು ಕಷ್ಟ. ಫೈಲನ್ನು ೫೧೨ ಬೈಟುಗಳ ತುಂಡುಗಳಾಗಿ ಕಳುಹಿಸುವುದು. ಒಂದು ತುಂಡು ತಲಪಿತೆಂದು ಉತ್ತರ ಬರುವವರೆಗೆ ಮುಂದಿನದನ್ನು ಕಳುಹಿಸದಿರುವುದು. ೫೧೨ಕ್ಕೆ ಕಡಮೆಯಾದ ತುಂಡು ಬಂದರೆ ಅದೇ ಕೊನೆಯದೆಂದು ತಿಳಿಯುವುದು. ಹತ್ತು ಮೆಗಾಬೈಟಿನ ಫೈಲಿಗೆ ಹೀಗೆ ಸುಮಾರು ಇಪ್ಪತ್ತು ಸಾವಿರ ಸಲ ಕೊಟ್ಟು, ಅಷ್ಟೇ ಸಲ ಹೂಂಗುಟ್ಟಿಸಿಕೊಳ್ಳಬೇಕು. ಬಾಲಪಾಠವನ್ನು ಹೇಳಿಕೊಡುವ ಗುರುವು ಶಿಷ್ಯನು ತಿರುಗಿ ಹೇಳಿದ ಹೊರತು ಮುಂದಿನ ಪಾದಕ್ಕೆ ಹೋಗದಿರುವ ಕ್ರಮವೇ ಇದು. ತುಂಡಿನ ಗಾತ್ರವನ್ನು ಹಿಗ್ಗಿಸಿಕೊಳ್ಳಲು ೧೯೯೫ರಿಂದ ಅನುಕೂಲವುಂಟು. ಹೀಗೆ ಬಂದ ಲಿನಕ್ಸಿನ ತಿರುಳು ಎಚ್ಚೆತ್ತು, ಎನ್.ಎಫ್.ಎಸ್. ಮೂಲಕ ಸರ್ವರಿನ ಡಿಸ್ಕನ್ನು ತನ್ನ ಡಿಸ್ಕೆಂದು ಭಾವಿಸಿ, ೨೦೧೪ರಿಂದ ಕೋಡಿ ಎಂಬ ಹೆಸರು ಪಡೆದಿರುವ, ಹಾಡು ಚಿತ್ರಗಳನ್ನು ನಡೆಯಿಸುವ ಪ್ರೋಗ್ರಾಮನ್ನು ತೆರೆಯುತ್ತದೆ. ಇಷ್ಟೆಲ್ಲವೂ ಆಗುವಷ್ಟರಲ್ಲಿ ವೃದ್ಧೆಯು ದೀಪ ಹಚ್ಚಿ ಬಂದು ಕುರ್ಚಿಯಲ್ಲಿ ಕುಳಿತಿರುತ್ತಿದ್ದರು.

ಮೊದಲ ದಿನವೇ ಎಲ್ಲವೂ ಸುಸೂತ್ರವಾಗಲಿಲ್ಲ. ಸರ್ವರನ್ನು ಅಟ್ಟದ ಪಕ್ಕದ ಉಗ್ರಾಣದಲ್ಲಿಟ್ಟು, ಗೋಡೆಯಂಚಿನಲ್ಲಿ ತಂತಿಯನ್ನು ಎಳೆದು, ಪಡಸಾಲೆಯ ಚಿಕ್ಕ ಪೆಟ್ಟಿಗೆಯ ಗುಂಡಿಯನ್ನು ಒತ್ತಿದರೆ, ಅದಕ್ಕೆ ವಿಳಾಸವು ದೊರೆಯಿತು, ಫೈಲಿನ ಹೆಸರು ದೊರೆಯಲಿಲ್ಲ. ವಿಚಾರಿಸಿದಾಗ ಕಾರಣ ತಿಳಿಯಿತು. ಮನೆಯ ರೌಟರೂ ವಿಳಾಸ ಕೊಡುವ ಅಧಿಕಾರಿಯೇ. ಸರ್ವರೂ ಅಧಿಕಾರಿಯಾಗಿ ನಿಂತಿತು. ಮಗುವಿಗೆ ಇಬ್ಬರು ಹೆಸರಿಡತೊಡಗಿದಂತಾಗಿ, ಮೊದಲು ಕೂಗಿದವರ ಮಾತೇ ನಿಂತಿತು. ಸೈಮನ್ ಕೆಲ್ಲಿ ಎಂಬವರು ಬರೆದ ಡಿಎನ್ಎಸ್‌ಮಾಸ್ಕ್ ಎಂಬ ಪ್ರೋಗ್ರಾಮಿನಲ್ಲಿ ಇದಕ್ಕೆ ಪರಿಹಾರವುಂಟು: ವಿಳಾಸವನ್ನು ರೌಟರೇ ಕೊಡಲಿ, ಸರ್ವರು ಫೈಲಿನ ಹೆಸರನ್ನು ಮಾತ್ರ ಪಕ್ಕದಿಂದ ಹೇಳಲಿ ಎಂದು ಏರ್ಪಡಿಸಬಹುದು. ಅಧಿಕಾರವನ್ನು ಹಂಚಿದ ಮೇಲೆ ಜಗಳ ನಿಂತಿತು.

ಎರಡನೆಯ ತೊಡಕು ಕರೆಂಟಿನದು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಆ ಸೀಮೆಗೆ ಹೊಸದಲ್ಲ. ಬಂದ ಕೂಡಲೆ ಎರಡು ಯಂತ್ರಗಳೂ ಒಟ್ಟಿಗೆ ಎಚ್ಚರಗೊಂಡರೆ, ಭಾರವಿಲ್ಲದ ಚಿಕ್ಕದು ಬೇಗ ಎದ್ದು ಕೇಳತೊಡಗುತ್ತದೆ; ದೊಡ್ಡದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಪಿ.ಎಕ್ಸ್.ಇ. ವಿಧಿಯ ಪ್ರಕಾರ ಚಿಕ್ಕದು ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಸೆಕೆಂಡುಗಳಂತೆ ಒಟ್ಟು ಒಂದು ನಿಮಿಷ ಕಾದು ಕೈಬಿಡುತ್ತದೆ. ಉಗ್ರಾಣದ ಯಂತ್ರಕ್ಕೆ ಯು.ಪಿ.ಎಸ್. ಒಂದನ್ನು ಕೊಂಡು ತಂದ ಮೇಲೆ ಇದು ಸರಿಹೋಯಿತು. ನಡುವೆ ತಂತಿಯೇನಾದರೂ ಸಡಿಲಿದರೆ ಮಾತ್ರ ಚಿಕ್ಕ ಯಂತ್ರದ ವರ್ತನೆ ಬೇರೆ. ಎನ್.ಎಫ್.ಎಸ್. ಅನ್ನು ದೃಢವಾಗಿ ಕಟ್ಟಿದ್ದಲ್ಲಿ ಅದು ಕೈಬಿಡದೆ, ಇದ್ದಲ್ಲಿಯೇ ಸ್ತಬ್ಧವಾಗಿ ನಿಂತು, ತಂತಿಯು ಕೂಡಿದೊಡನೆ ನಿಲ್ಲಿಸಿದ ಕೆಲಸವನ್ನು ಅಲ್ಲಿಂದಲೇ ಮುಂದುವರಿಸುತ್ತದೆ.

ಮೂರನೆಯದು ಮರೆವಿನದು. ಸರ್ವರಿನಲ್ಲಿರುವ ಮೂಲವನ್ನು ಯಾರೂ ಕೆಡಿಸದಿರಲೆಂದು ಚಿಕ್ಕ ಯಂತ್ರಕ್ಕೆ ಓದುವ ಹಕ್ಕನ್ನು ಮಾತ್ರ ಕೊಟ್ಟಿದ್ದರು. ಅದು ತಾನಾಗಿ ಬರೆದುಕೊಳ್ಳುವುದೆಲ್ಲವೂ ಅದರ ತಾತ್ಕಾಲಿಕವಾದ ಮೆಮೊರಿಯಲ್ಲಿ; ಆರಿಸಿದರೆ ಹೋಯಿತು. ಹೀಗಾಗಿ ನಿನ್ನೆ ಎಲ್ಲಿಗೆ ನಿಲ್ಲಿಸಿದ್ದರೆಂಬ ಗುರುತೂ ಪ್ರತಿರಾತ್ರಿ ಅಳಿಸಿಹೋಗುತ್ತಿತ್ತು. ಮೊಮ್ಮಗನು ಬೇಸರಪಟ್ಟುಕೊಂಡಾಗ ಅಜ್ಜಿ, “ಅದಕ್ಕೆ ಮರೆವಾದರೆ ಆಗಲಿ ಬಿಡೋ, ನನಗೆ ನೆನಪಿದೆ” ಎಂದುಬಿಟ್ಟರು. ಆದರೂ ಅವನು ಆ ಒಂದು ಗುರುತನ್ನು ಸರ್ವರಿನಲ್ಲಿ ಬರೆದಿಡುವಂತೆ ಏರ್ಪಾಡು ಮಾಡಿ ಬೆಂಗಳೂರಿಗೆ ಹೊರಟನು.

ಇಷ್ಟು ಪ್ರಯಾಸವೇಕೆ ಎಂಬ ಪ್ರಶ್ನೆಯನ್ನು ಮನೆಯ ಯಜಮಾನರು, ಎಂದರೆ ಹುಡುಗನ ತಂದೆ, ಎತ್ತದೆ ಇರಲಿಲ್ಲ. “ತಿರುಗದ ಡಿಸ್ಕುಗಳು, ಸದ್ದಿಲ್ಲದವು, ಅಂಗಡಿಯಲ್ಲಿ ಸಿಕ್ಕುತ್ತವಲ್ಲ, ಒಂದನ್ನು ಹಾಕಿದ್ದರೆ ತೀರುತ್ತಿರಲಿಲ್ಲವೇನೋ?” ಎಂದರು. “ತೀರುತ್ತಿತ್ತು ಅಪ್ಪ. ಆದರೆ ಆಗ ನೀವು ನೋಡಿಕೊಳ್ಳಬೇಕಾದ ಡಿಸ್ಕು ಎರಡಾಗುತ್ತವೆ. ಈಗ ಪಡಸಾಲೆಯ ಯಂತ್ರ ಕೆಟ್ಟರೆ ಕೆಟ್ಟಿತು; ಅದರಲ್ಲಿ ನಮ್ಮದು ಏನೂ ಇಲ್ಲ” ಎಂದು ಮಗನು ಉತ್ತರ ಕೊಟ್ಟನು. ಉತ್ತರವು ಯುಕ್ತಿಯುಕ್ತವಾದುದೇ. ತಿಂಗಳಿಗಿಷ್ಟೆಂದು ಕೊಟ್ಟರೆ ಲಕ್ಷಾಂತರ ಹಾಡುಗಳನ್ನು ದೂರದಿಂದ ಕೇಳಿಸುವ ಸಂಸ್ಥೆಗಳು ಇವೆಯಲ್ಲ ಎಂದು ಬಂದವರೊಬ್ಬರು ಹೇಳಿದರು. ಇವೆ, ಆದರೆ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರ ಓದು ಅವುಗಳ ಭಂಡಾರದಲ್ಲಿಲ್ಲ. ಜಗತ್ತಿಗೆ ಬೇಕಾದುದನ್ನು ಜಗತ್ತು ಇಟ್ಟುಕೊಳ್ಳುತ್ತದೆ. ಮನೆಗೆ ಮಾತ್ರ ಬೇಕಾದುದನ್ನು ಮನೆಯೇ ಇಟ್ಟುಕೊಳ್ಳಬೇಕು.

ಇಲ್ಲಿಯೇ ವಿಷಯದ ಮರ್ಮವಿರುವುದು. ಪಡಸಾಲೆಯ ಯಂತ್ರವು ಅಪರಿಗ್ರಹಿಯಾದ ಮಾತ್ರಕ್ಕೆ ಪರಿಗ್ರಹವು ಲೋಪವಾಗುವುದಿಲ್ಲ. ಅದು ಉಗ್ರಾಣಕ್ಕೆ ಸಾಗುತ್ತದೆ. ಒಂದರ ಹಗುರವೆಲ್ಲ ಇನ್ನೊಂದರ ಭಾರ. ವೇದಾಧ್ಯಯನದ ಪರಂಪರೆಯಲ್ಲಿ ಪುಸ್ತಕವಿಲ್ಲದೆಯೇ ಸಾವಿರಾರು ವರ್ಷ ಪಾಠವು ಉಳಿದುದು ಹೇಗೆಂದು ನೋಡಿದರೆ ಇದರ ಉತ್ತರ ತಿಳಿಯುತ್ತದೆ. ಅದು ಒಬ್ಬನ ಕಂಠದಲ್ಲಿ ಇರಲಿಲ್ಲ, ಅನೇಕರ ಕಂಠಗಳಲ್ಲಿತ್ತು. ಒಂದೇ ರೀತಿಯಲ್ಲಿಯೂ ಇರಲಿಲ್ಲ. ಪದ, ಕ್ರಮ, ಜಟೆ, ಘನ ಎಂದು ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳುತ್ತಿದ್ದುದರಿಂದ ಒಂದರಲ್ಲಿ ಅಕ್ಷರ ತಪ್ಪಿದರೆ ಇನ್ನೊಂದರಲ್ಲಿ ಅದು ಸಿಕ್ಕಿಬೀಳುತ್ತಿತ್ತು. ಭಂಡಾರವೆಂದರೆ ರಾಶಿ ಹಾಕಿದ ಸ್ಥಳವಲ್ಲ, ಕಾಪಾಡುವ ವಿಧಿ.

ಆ ಮನೆಯ ಉಗ್ರಾಣದಲ್ಲಿ ಎರಡು ಡಿಸ್ಕುಗಳನ್ನು ಜೋಡಿಸಿ, ಒಂದರಲ್ಲಿ ಬರೆದುದು ಆಗಲೇ ಇನ್ನೊಂದರಲ್ಲಿಯೂ ಬರೆಯಲ್ಪಡುವಂತೆ ಮಾಡಿದ್ದರು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆಂಬ ಧೈರ್ಯ. ಇದಲ್ಲದೆ ಧಾರವಾಡದಲ್ಲಿರುವ ಮಗಳ ಮನೆಗೆ ೨೦೧೯ರ ದೀಪಾವಳಿಯಲ್ಲಿ ಒಂದು ಪ್ರತಿಯನ್ನು ಕೊಟ್ಟು ಕಳುಹಿಸಿದ್ದರು. ೨೦೨೦ರಲ್ಲಿ ಎಲ್ಲರೂ ಮನೆಯಲ್ಲಿಯೇ ಇರಬೇಕಾಗಿ ಬಂದ ತಿಂಗಳುಗಳಲ್ಲಿ ಹಳೆಯ ಟ್ರಂಕೊಂದನ್ನು ತೆಗೆದು ನೋಡಿದಾಗ, ಪಂಚೆಯ ಮಡಿಕೆಯೊಳಗೆ ಇಪ್ಪತ್ತನಾಲ್ಕನೆಯ ಕ್ಯಾಸೆಟ್ಟು ಸಿಕ್ಕಿತು. ಅದರ ಮೇಲೆ ಗಮಕಿಗಳ ಕೈಬರಹದಲ್ಲಿ “ಉದ್ಯೋಗಪರ್ವ, ಕರ್ಣಭೇದನ” ಎಂದಿತ್ತು: ಶ್ರೀಕೃಷ್ಣನು ಕರ್ಣನಿಗೆ ಅವನು ಯಾರೆಂಬುದನ್ನು ತಿಳಿಸುವ ಸಂದರ್ಭ. ಟೇಪು ಬಹಳ ಜೀರ್ಣವಾಗಿತ್ತು. ಒಂದು ಸಲ ಓಡಿ ಕಂಪ್ಯೂಟರಿಗೆ ಇಳಿಯಿತು. ಎರಡನೆಯ ಸಲ ಓಡಲಿಲ್ಲ, ಪುಡಿಯುದುರಿ ತುಂಡಾಯಿತು. ಅಜ್ಜಿಯ ಮಂಡಲ ತುಂಬಿತು. ಆ ವರ್ಷ ಆಕೆ ಮೂರು ಸಲ ನಲವತ್ತೆಂಟು ದಿನ ಕೇಳಿದರು.

೨೦೨೧ರ ಬೇಸಗೆಯಲ್ಲಿ ನೆಂಟರ ಹುಡುಗನೊಬ್ಬನು ಉಪಕಾರ ಮಾಡಬೇಕೆಂದೇ ಸರ್ವರಿನಲ್ಲಿ ಜಾಗ ಮಾಡಲು ಹೊರಟು, ಒಂದೇ ಹೆಸರಿನ ಎರಡು ಫೋಲ್ಡರುಗಳನ್ನು ಕಂಡು, ಎರಡನೆಯದು ಮೊದಲನೆಯದರ ಪ್ರತಿಯೆಂದು ತಿಳಿದು ಅಳಿಸಿದನು. ಅದು ಪ್ರತಿಯಾಗಿರಲಿಲ್ಲ. ಜೋಡಿ ಡಿಸ್ಕು ತನ್ನ ಧರ್ಮವನ್ನು ನಿಷ್ಠೆಯಿಂದ ಪಾಲಿಸಿತು: ಒಂದರಲ್ಲಿ ಅಳಿಸಿದುದು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಅಳಿಯಿತು. ಯಂತ್ರದ ಕೆಡುಕಿನಿಂದ ಕಾಯತಕ್ಕ ಉಪಾಯವು ಮನುಷ್ಯನ ಕೈಯಿಂದ ಕಾಯಲಾರದು. ಹಲವು ದಿನ ಯಾರಿಗೂ ತಿಳಿಯದೆ ಹೋದುದರಿಂದ ಅಳಿದ ಸ್ಥಳದ ಮೇಲೆ ಬೇರೆ ಫೈಲುಗಳು ಬಂದು ಕುಳಿತುವು. ಧಾರವಾಡದ ಪ್ರತಿಯಿಂದ ೨೩ ತಿರುಗಿ ಬಂದುವು. ಇಪ್ಪತ್ತನಾಲ್ಕನೆಯದು ಧಾರವಾಡವನ್ನು ಕಂಡೇ ಇರಲಿಲ್ಲ.

ಸುದ್ದಿಯನ್ನು ಅಜ್ಜಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸರದಿಯ ದಿನ ಬಂದಾಗ ಹೇಳಲೇಬೇಕಾಯಿತು. ಆಕೆ ಹುಡುಗನನ್ನು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪದ್ಯ ಪುಸ್ತಕದಲ್ಲಿದೆ, ಅದಕ್ಕೇನೂ ಆಗಿಲ್ಲ. ಅವರು ಹೇಗೆ ಓದುತ್ತಿದ್ದರು ಅನ್ನುವುದು ನನಗೆ ಗೊತ್ತು” ಎಂದರು. ಮೊಮ್ಮಗನು ಮುಂದಿನ ವಾರವೇ ಬಂದನು. ಎಂಬತ್ತಾರು ವರ್ಷದ ಆಕೆ ಮೂರು ಸಂಜೆ ಕುಳಿತು ಆ ಸಂದರ್ಭವನ್ನು ಓದಿದರು. ಗಂಡನು ಯಾವ ಪದ್ಯಕ್ಕೆ ಯಾವ ರಾಗವನ್ನು ಹಿಡಿಯುತ್ತಿದ್ದನೋ ಅದನ್ನೇ ಹಿಡಿದರು. ಅವನು ನಿಲ್ಲುತ್ತಿದ್ದ ಕಡೆಯಲ್ಲಿ ನಿಂತರು. ಉಸಿರು ಸಾಲದೆ ತಾನಾಗಿ ನಿಂತ ಕಡೆಗಳೂ ಇದ್ದುವು. ಅದು ಕಳೆದುದಕ್ಕೆ ಸಮವೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ಆಕೆಯೂ ಹೇಳಲಿಲ್ಲ. ಗಮಕಿಗಳ ಧ್ವನಿಯಲ್ಲಿ ಆ ಭಾಗವು ಮತ್ತೆ ಎಂದಿಗೂ ಕೇಳಿಸದು. ಇಪ್ಪತ್ತನಾಲ್ಕನೆಯದೆಂದು ಹೆಸರಿಟ್ಟು ಇದನ್ನು ಭಂಡಾರಕ್ಕೆ ಸೇರಿಸಿದರು. ಸರದಿ ಬಂದ ದಿನ ಆಕೆ ತನ್ನ ಧ್ವನಿಯನ್ನು ತಾನು ಕೇಳಲು ಒಪ್ಪದೆ, ಆ ಹೊತ್ತಿನಲ್ಲಿ ಎದ್ದು ಹೂವು ಬಿಡಿಸಲು ಹೋಗುತ್ತಿದ್ದರು.

ಅಂದಿನಿಂದ ಮನೆಯ ಯಜಮಾನರು ಒಂದು ನಿಯಮವನ್ನಿಟ್ಟುಕೊಂಡರು. ಪ್ರತಿಗಳು ಮೂರಿರಬೇಕು, ಮೂರೂ ಒಂದೇ ಬಗೆಯ ಸಾಧನದ ಮೇಲೆ ಇರಕೂಡದು, ಒಂದಾದರೂ ಬೇರೆ ಊರಿನಲ್ಲಿರಬೇಕು. ಇದು ಈ ಕೆಲಸದವರೆಲ್ಲರಿಗೂ ತಿಳಿದ ಸೂತ್ರವೇ. ಇದರ ಜೊತೆಗೆ, ಅಳಿಸುವ ಅಧಿಕಾರವು ಒಬ್ಬರಿಗೆ ಮಾತ್ರ. ಹೊಸದೇನಾದರೂ ಭಂಡಾರಕ್ಕೆ ಬಂದರೆ ಹದಿನೈದು ದಿನದೊಳಗೆ ಅದು ಧಾರವಾಡಕ್ಕೆ ಹೋಗಬೇಕು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಅವರು ಇದಕ್ಕೂ ಒಂದು ಪುಸ್ತಕವನ್ನು ಹಾಕಿ, ಪ್ರತಿ ಮಾಡಿದ ದಿನವನ್ನು ಬರೆದು ಸಹಿ ಮಾಡುತ್ತಾರೆ.

೨೦೨೩ರ ಮಾಘದಲ್ಲಿ ವೃದ್ಧೆಯು ತೀರಿಕೊಂಡರು. ಮರುವರ್ಷ ಪಡಸಾಲೆಯ ಚಿಕ್ಕ ಯಂತ್ರವು ಸಿಡಿಲಿಗೆ ಸಿಕ್ಕಿ ಸುಟ್ಟುಹೋಯಿತು. ಬೇರೊಂದು ಪೆಟ್ಟಿಗೆಯನ್ನು ತಂದು, ಸರ್ವರಿನ ಪಟ್ಟಿಯಲ್ಲಿ ಹಳೆಯ ಕಾರ್ಡಿನ ಆರು ಜೋಡಿಗಳನ್ನು ಹೊಡೆದುಹಾಕಿ ಹೊಸದರ ಆರು ಜೋಡಿಗಳನ್ನು ಬರೆದರು. ಒಂದು ಗಂಟೆಯೊಳಗೆ ಅದು ಹಳೆಯದು ಮಾಡುತ್ತಿದ್ದುದನ್ನೆಲ್ಲ ಮಾಡತೊಡಗಿತು. ಹಳೆಯದಕ್ಕಾಗಿ ಮರುಗುವ ಕಾರಣವೇ ಇರಲಿಲ್ಲ. ಅದು ಏನನ್ನೂ ಇಟ್ಟುಕೊಂಡಿರಲಿಲ್ಲವಷ್ಟೆ.

ಭಂಡಾರದ ಮಾತು ಹಾಗಲ್ಲ. ಪ್ರತಿಯನ್ನು ಮಾಡಿದರೆ ಸಾಲದು, ಮಾಡಿದ ಪ್ರತಿಯು ತೆರೆಯುತ್ತದೆಯೇ ಎಂಬುದನ್ನು ನೋಡಬೇಕು. ತೆರೆದರೆ ಸಾಲದು, ಕಡೆಯವರೆಗೆ ಕೇಳಬೇಕು. ಆದಕಾರಣ ಯಜಮಾನರು ತಿಂಗಳಿಗೊಂದರಂತೆ ಧ್ವನಿಯನ್ನು ಪೂರ್ತಿಯಾಗಿ ಕೇಳಿ, ಪುಸ್ತಕದಲ್ಲಿ ಅದರ ಸಂಖ್ಯೆಯ ಮುಂದೆ “ಸರಿಯಾಗಿದೆ” ಎಂದು ಬರೆಯುತ್ತಾರೆ. ಎರಡು ವರ್ಷಕ್ಕೆ ಒಂದು ಸುತ್ತು. ಇಪ್ಪತ್ತನಾಲ್ಕನೆಯದರ ಸರದಿಯು ಬಂದ ತಿಂಗಳು ಮಾತ್ರ ಅವರು ಬಾಗಿಲನ್ನು ಮುಂದಕ್ಕೆ ಮಾಡಿಕೊಂಡು ಕೇಳುವುದುಂಟು. ಉಸಿರು ನಿಂತ ಕ್ಷಣಗಳಲ್ಲಿ ಆ ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರುವುದಿಲ್ಲ.